ಮಲ್ಲಿಗೆ ಗಿಡ ಸೊಂಪಾಗಿದೆ, ಹೂ ಮಾತ್ರ ಇಲ್ಲ. ಏನು ಮಾಡಲಿ?

ಓದುಗರ ಪ್ರಶ್ನೆ: "ನಾವು ಬೆಂಗಳೂರಿನಲ್ಲಿ ಮೂರನೇ ಮಹಡಿಯ ಫ್ಲ್ಯಾಟಿನಲ್ಲಿದ್ದೇವೆ. ಮೂರು ವರ್ಷದ ಹಿಂದೆ ಶಿವಮೊಗ್ಗದ ತವರುಮನೆಯಿಂದ ಮೂರು ಮಲ್ಲಿಗೆ ಗಿಡ ತಂದೆ. ಮೂರೂ ಹನ್ನೆರಡು ಇಂಚಿನ ಕುಂಡದಲ್ಲಿ, ಪೂರ್ವದ ಬಾಲ್ಕನಿಯಲ್ಲಿವೆ. ಬೆಳಿಗ್ಗೆ ಒಂಬತ್ತೂವರೆವರೆಗೆ ಬಿಸಿಲು ಬರುತ್ತೆ. ಎಲೆ ಕಡು ಹಸಿರು, ಬಳ್ಳಿ ಗ್ರಿಲ್ ತುಂಬಾ ಹಬ್ಬಿದೆ. ಹೂ ಮಾತ್ರ ವರ್ಷಕ್ಕೆ ನಾಲ್ಕೈದು. ಒಂದು ಗಿಡದ ಎಲೆ ಉಳಿದೆರಡರ ಹಾಗಿಲ್ಲ, ಒಂದೇ ಕಡ್ಡಿಗೆ ಏಳು ಚಿಕ್ಕ ಎಲೆ ಇವೆ. ವಾರಕ್ಕೆ ಎರಡು ಸಲ 19:19:19 ಗೊಬ್ಬರ, ಜೊತೆಗೆ ಅಕ್ಕಿ ತೊಳೆದ ನೀರು, ಮೊಟ್ಟೆ ಚಿಪ್ಪು, ಟೀ ಸೊಪ್ಪು, ಬಾಳೆಹಣ್ಣಿನ ಸಿಪ್ಪೆ ನೆನೆಸಿದ ನೀರು ಎಲ್ಲಾ ಹಾಕ್ತೇನೆ. ಈ ಯುಗಾದಿಗೂ ಹೂ ಕೊಂಡೇ ತಂದೆವು. ಪಕ್ಕದ ಮನೆಯ ಹಿರಿಯರೊಬ್ಬರು 'ಮುಟ್ಟಾದಾಗ ಗಿಡ ಮುಟ್ಟಿರ್ತೀಯ, ಅದಕ್ಕೇ' ಅಂದರು. ಅವತ್ತಿನಿಂದ ಆ ದಿನಗಳಲ್ಲಿ ನೀರನ್ನೂ ಹಾಕ್ತಿಲ್ಲ. ಈಗ ಏಪ್ರಿಲ್ ಬಂತು, ಗಿಡ ಕತ್ತರಿಸಬಹುದಾ? ಒಂಬತ್ತು ವರ್ಷದ ಮಗಳಿಗೆ ಹೂ ಕಟ್ಟೋದು ಕಲಿಸುವ ಆಸೆಯೂ ಇದೆ. ಇನ್ನೊಂದು, ನಮ್ಮ ರಸ್ತೆಯ ಬೇವಿನ ಮರ ಹೂ ಬಿಟ್ಟಿದೆ. ಆ ಹೂವನ್ನು ಅಡುಗೆಗೆ ಬಳಸಬಹುದಾ?"

ಮುಟ್ಟಿನ ಮಾತನ್ನೇ ಮೊದಲು ಮುಗಿಸೋಣ. ನಿಮ್ಮ ಪ್ರಶ್ನೆಯಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಅದೇ. ಮುಟ್ಟಾದವರು ಮುಟ್ಟಿದರೆ ಗಿಡ ಒಣಗುತ್ತದೆ, ಮೊಗ್ಗು ಉದುರುತ್ತದೆ ಅನ್ನುವುದು ಸುಳ್ಳು. ಸಸಿ ಮಾರುತ್ತಾ, ತಾರಸಿ ತೋಟ ಮಾಡಿಕೊಡುತ್ತಾ ಇಪ್ಪತ್ತು ವರ್ಷಕ್ಕೂ ಮೇಲಾಯಿತು. ನಾನು ಹೋದ ಮಲ್ಲಿಗೆ ತೋಟಗಳಲ್ಲೆಲ್ಲ ಬೆಳಗಿನ ಜಾವ ಮೊಗ್ಗು ಕೀಳುವವರು ಹೆಚ್ಚಿನವರು ಹೆಂಗಸರೇ. ಹೂವಿನ ಕಾಲದಲ್ಲಿ ಒಂದು ದಿನ ಬಿಟ್ಟರೂ ಮೊಗ್ಗು ಅರಳಿ ಹಾಳಾಗುತ್ತದೆ, ಹಾಗಾಗಿ ತಿಂಗಳ ಮೂವತ್ತು ದಿನವೂ ಅವರ ಕೈ ಗಿಡದ ಮೇಲೇ ಇರುತ್ತದೆ. ಆ ಮಾತು ನಿಜವಾಗಿದ್ದರೆ ನಮಗೆ ಮುಡಿಯಲು ಮಲ್ಲಿಗೆಯೇ ಇರುತ್ತಿರಲಿಲ್ಲ. ನಿಮ್ಮ ಗಿಡಕ್ಕೆ ತೊಂದರೆಯಾಗಿದ್ದರೆ ಅದು ನೀವು ಮುಟ್ಟಿದ್ದರಿಂದಲ್ಲ, ಏಪ್ರಿಲ್ ಬಿಸಿಲಿನಲ್ಲಿ ಮೂರ್ನಾಲ್ಕು ದಿನ ನೀರು ಹಾಕದೆ ಬಿಟ್ಟಿದ್ದರಿಂದ. ಬರುತ್ತಿದ್ದ ನಾಲ್ಕು ಮೊಗ್ಗನ್ನೂ ಗಿಡ ಆಗಲೇ ಉದುರಿಸುತ್ತದೆ. ಇವತ್ತಿನಿಂದ ಎಂದಿನಂತೆ ನೀರು ಹಾಕಿ. ಮಗಳಿಗೂ ಇದನ್ನು ಹೇಳಿ.

ಇನ್ನು ಹೂ ಯಾಕಿಲ್ಲ ಅನ್ನುವುದು. ನೀವು ಬರೆದಿದ್ದರಲ್ಲೇ ಉತ್ತರದ ಬಹುಪಾಲು ಇದೆ.

ಏಳೆಲೆಯ ಗಿಡ ದುಂಡುಮಲ್ಲಿಗೆಯಲ್ಲ, ಅದು ಜಾಜಿ. ದುಂಡುಮಲ್ಲಿಗೆಯ ಎಲೆ ಬಿಡಿಬಿಡಿಯಾಗಿ, ಎದುರು ಬದುರಾಗಿ, ಅಗಲವಾಗಿ ಇರುತ್ತದೆ. ಜಾಜಿಯಲ್ಲಿ ಒಂದೇ ಕಡ್ಡಿಯ ಎರಡೂ ಕಡೆ ಸಾಲಾಗಿ ಚಿಕ್ಕ ಎಲೆ, ತುದಿಯಲ್ಲೊಂದು ದೊಡ್ಡದು. ಜಾಜಿಗೆ ಹೂವಿನ ಕಾಲ ಮಳೆಗಾಲ. ಜೂನ್‌ನಿಂದ ಶುರುವಾಗಿ ಅಕ್ಟೋಬರ್, ನವೆಂಬರ್‌ವರೆಗೂ ಹೂ ಇರುತ್ತದೆ. ಅದು ಯುಗಾದಿಗೆ ಹೂ ಕೊಡಲಿಲ್ಲ ಅಂದರೆ ಗಿಡದ ತಪ್ಪಲ್ಲ. ತವರಿಂದ ತಂದ ಗಿಡಗಳಲ್ಲಿ ಹೀಗೆ ಜಾತಿ ಬೆರೆತಿರುವುದು ತುಂಬಾ ಸಾಮಾನ್ಯ.

ಉಳಿದ ಎರಡು ದುಂಡುಮಲ್ಲಿಗೆ. ಮಾರ್ಚ್‌ನಿಂದ ಜೂನ್‌ವರೆಗೆ ಅವು ತುಂಬಿ ಬರಬೇಕಾದ ಕಾಲ ಇದು. ಅವಕ್ಕೆ ಮೂರು ಕೊರತೆ ಕಾಣುತ್ತಿದೆ.

ದೊಡ್ಡದು ಬಿಸಿಲು. ಮಲ್ಲಿಗೆಗೆ ದಿನಕ್ಕೆ ಐದಾರು ಗಂಟೆಯಾದರೂ ನೇರ ಬಿಸಿಲು ಬೇಕು. ನಿಮ್ಮಲ್ಲಿ ಹೆಚ್ಚೆಂದರೆ ಮೂರು ಗಂಟೆ ಸಿಗುತ್ತಿದೆ. ಬಾಲ್ಕನಿ ಬೆಳಕಾಗಿದೆ ಅಂತ ನಮಗೆ ಅನ್ನಿಸುತ್ತದೆ, ಆದರೆ ಬೆಳಕು ಬೇರೆ, ಬಿಸಿಲು ಬೇರೆ. ಬಾಲ್ಕನಿಗಳದ್ದು ಇನ್ನೊಂದು ತೊಂದರೆ ಇದೆ. ಬೇಸಿಗೆ ಏರಿದಂತೆ ಸೂರ್ಯ ನೆತ್ತಿಯ ಮೇಲೆ ಬರುತ್ತಾನೆ. ಬೆಂಗಳೂರಿನಲ್ಲಿ ಏಪ್ರಿಲ್ 24ರ ಸುಮಾರಿಗೆ ಮಧ್ಯಾಹ್ನ ನೆಟ್ಟಗೆ ನಿಂತ ಕಂಬಕ್ಕೆ ನೆರಳೇ ಬೀಳುವುದಿಲ್ಲ, ಅಷ್ಟು ನೇರ. ಆಗ ನಿಮ್ಮ ತಲೆಯ ಮೇಲಿರುವ ಮೇಲಿನ ಮನೆಯ ಬಾಲ್ಕನಿ ಕೊಡೆ ಹಿಡಿದಂತೆ ಬಿಸಿಲನ್ನು ತಡೆಯುತ್ತದೆ. ಹೊರಗೆ ಸುಡುವ ಬಿಸಿಲು, ಒಂದು ಅಡಿ ಒಳಗಿರುವ ಕುಂಡಕ್ಕೆ ನೆರಳು. ಒಂದು ರಜೆಯ ದಿನ ಗಂಟೆಗೊಮ್ಮೆ ಹೋಗಿ ಕುಂಡದ ಮೇಲೆ ಬಿಸಿಲು ಬಿದ್ದಿದೆಯಾ ಅಂತ ನೋಡಿ, ಕ್ಯಾಲೆಂಡರ್ ಹಿಂದೆ ಬರೆದಿಡಿ. ನಾನು ಯಾರ ಮನೆಗೆ ಹೋದರೂ ಮೊದಲು ಮಾಡಿಸುವ ಕೆಲಸ ಇದು.

ಎರಡನೆಯದು, ಮೂರು ವರ್ಷದಲ್ಲಿ ಗಿಡವನ್ನು ಒಮ್ಮೆಯೂ ಸವರಿಲ್ಲ. ಮಲ್ಲಿಗೆ ಹಳೆಯ ಕಡ್ಡಿಯಲ್ಲಿ ಹೂ ಬಿಡುವುದಿಲ್ಲ. ಹೊಸದಾಗಿ ಬಂದ ಚಿಗುರಿನ ತುದಿಯಲ್ಲೇ ಬಿಡುವುದು. ಅಲ್ಲಿ ಸಾಮಾನ್ಯವಾಗಿ ಮೂರು ಮೊಗ್ಗು ಒಟ್ಟಿಗೆ ಕೂತಿರುತ್ತವೆ, ನಡುವಿನದು ಮೊದಲು ಅರಳುತ್ತದೆ, ಪಕ್ಕದವು ಆಮೇಲೆ. ಹೊಸ ಚಿಗುರು ಎಷ್ಟೋ ಹೂ ಅಷ್ಟೇ. ನಿಮ್ಮ ಗ್ರಿಲ್ ತುಂಬಾ ಹಬ್ಬಿರುವುದು ಹಳೆಯ ಕಡ್ಡಿ. ನೋಡಲು ಚೆಂದ, ಆದರೆ ಗಿಡ ತನ್ನ ಶಕ್ತಿಯನ್ನೆಲ್ಲ ಅದನ್ನು ಸಾಕುವುದಕ್ಕೇ ಹಾಕುತ್ತಿದೆ.

ಮೂರನೆಯದು ಗೊಬ್ಬರ ಜಾಸ್ತಿಯಾಗಿರುವುದು. 19:19:19 ಅಂದರೆ ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಸಮನಾಗಿರುವ ಗೊಬ್ಬರ. ಎಲೆ ಬೆಳೆಸುವ ಸಾರಜನಕ ಅದರಲ್ಲಿ ಚೆನ್ನಾಗಿಯೇ ಇದೆ. ವಾರಕ್ಕೆರಡು ಸಲ ಅದು ಸಿಕ್ಕಿದರೆ ಗಿಡ ಎಲೆ ಹಾಕುತ್ತಲೇ ಇರುತ್ತದೆ. ನೀವು ಖುಷಿಪಟ್ಟ ಆ ಕಡು ಹಸಿರು ಇದರದ್ದೇ.

ಅಡುಗೆಮನೆಯ ಮದ್ದುಗಳ ಬಗ್ಗೆಯೂ ನೇರವಾಗಿ ಹೇಳಿಬಿಡುತ್ತೇನೆ. ಅಕ್ಕಿ ತೊಳೆದ ನೀರಿನಿಂದ ನಷ್ಟವಿಲ್ಲ, ಪವಾಡವೂ ಇಲ್ಲ. ಹುಳಿ ಬಂದ ನೀರು ಹಾಕಿದರೆ ಮಣ್ಣಿನ ಮೇಲೆ ಸಣ್ಣ ನೊಣ ಏಳುತ್ತವೆ. ಮೊಟ್ಟೆ ಚಿಪ್ಪು ಕರಗಲು ವರ್ಷಗಳೇ ಬೇಕು. ಬೋರ್‌ವೆಲ್ ನೀರು ಹಾಕುವ ಮನೆಯಾದರೆ ಸುಣ್ಣದ ಅಂಶ ಈಗಾಗಲೇ ಬೇಕಾದಷ್ಟಿರುತ್ತದೆ. ಕುಂಡದ ಅಂಚಿನಲ್ಲಿ ಬಿಳಿ ಪಟ್ಟಿ ಕಟ್ಟಿದೆಯಾ ನೋಡಿ, ಅದೇ ಗುರುತು. ಹಾಲು, ಸಕ್ಕರೆ ಬೆರೆತ ಟೀ ಸೊಪ್ಪು ಇರುವೆಯನ್ನು ಕರೆಯುತ್ತದೆ. ಬಾಳೆ ಸಿಪ್ಪೆಯಲ್ಲಿ ಪೊಟ್ಯಾಷ್ ಇರುವುದು ನಿಜ, ಆದರೆ ನೆನೆಸಿದ ನೀರಿಗೆ ಇಳಿಯುವುದು ಸ್ವಲ್ಪವೇ. ಸಿಪ್ಪೆಯನ್ನು ಕಾಂಪೋಸ್ಟಿಗೆ ಹಾಕಿ, ಅಲ್ಲಿ ಅದಕ್ಕೆ ಬೆಲೆ ಇದೆ.

ಹಾಗಾದರೆ ಈಗ ಏನು ಮಾಡಬಹುದು?

ನಿಮ್ಮ ಜಾಗದಲ್ಲಿ ನಾನಿದ್ದರೆ ಎರಡು ದುಂಡುಮಲ್ಲಿಗೆ ಕುಂಡವನ್ನೂ ತಾರಸಿಗೆ ಒಯ್ಯುತ್ತಿದ್ದೆ. ಇದರಷ್ಟು ಫಲ ಕೊಡುವ ಕೆಲಸ ಇನ್ನೊಂದಿಲ್ಲ. ಆದರೆ ಒಂದೇ ದಿನದಲ್ಲಿ ಪೂರ್ತಿ ಬಿಸಿಲಿಗೆ ಇಟ್ಟರೆ ನೆರಳಿನಲ್ಲಿ ಬೆಳೆದ ಎಲೆ ಸುಟ್ಟು ಕಂದಾಗುತ್ತದೆ. ಮೊದಲ ಎರಡು ಮೂರು ದಿನ ನೀರಿನ ಟ್ಯಾಂಕಿನ ನೆರಳಿನಲ್ಲಿಡಿ, ಮತ್ತೆರಡು ದಿನ ಅರ್ಧ ಹೊತ್ತು ಬಿಸಿಲು, ವಾರ ಕಳೆದ ಮೇಲೆ ಪೂರ್ತಿ. ಅಪಾರ್ಟ್‌ಮೆಂಟ್ ಸಂಘದವರನ್ನು ಕೇಳಿಕೊಳ್ಳಿ. ಕುಂಡದ ಕೆಳಗೆ ಇಟ್ಟಿಗೆ ಕೊಡಿ, ನೀರು ನಿಂತು ತಾರಸಿ ಸೋರುವಂತಾಗಬಾರದು. ಮೇಲೆ ಬಿಸಿ ಜಾಸ್ತಿ, ಹಾಗಾಗಿ ಬೇಸಿಗೆಯಲ್ಲಿ ದಿನಾ ಬೆಳಿಗ್ಗೆ ನೀರು ಬೇಕೇ ಬೇಕು, ಕೆಲವು ದಿನ ಸಂಜೆಯೂ. ಬೆರಳನ್ನು ಮಣ್ಣಿಗೆ ಒಂದು ಗಿಣ್ಣಿನಷ್ಟು ತೂರಿಸಿ ನೋಡಿ, ಒಣಗಿದ್ದರೆ ಹಾಕಿ. ಒಂದು ಕೆಲಸ ಮಾತ್ರ ದಯವಿಟ್ಟು ಮಾಡಬೇಡಿ. ಬಿಸಿಲು ಸಿಗಲಿ ಅಂತ ಕುಂಡವನ್ನು ಬಾಲ್ಕನಿಯ ಗ್ರಿಲ್‌ನ ಹೊರಗೆ ನೇತುಹಾಕಬೇಡಿ. ನೀರು ಕುಡಿದ ಹನ್ನೆರಡು ಇಂಚಿನ ಕುಂಡ ಹದಿನೈದು ಕಿಲೋ ಮೀರಬಹುದು. ಕೆಳಗೆ ಮಕ್ಕಳು ಆಡುತ್ತಿರುತ್ತಾರೆ.

ಕತ್ತರಿಸುವ ವಿಷಯ. ಬುಡದಿಂದ ಒಂದೂವರೆ ಅಡಿಯಷ್ಟು ಬಿಟ್ಟು ಗಿಡವನ್ನು ಪೂರ್ತಿ ಸವರುವ ಕಾಲ ನವೆಂಬರ್ ಕೊನೆಯಿಂದ ಡಿಸೆಂಬರ್. ಈಗ ಹಾಗೆ ಸವರಿದರೆ ಗಿಡ ಸಾಯುವುದಿಲ್ಲ, ಆದರೆ ಈ ವರ್ಷದ ಹೂವಿನ ಕಾಲ ಹೆಚ್ಚೂಕಡಿಮೆ ಕೈತಪ್ಪುತ್ತದೆ, ಎಳೆ ಚಿಗುರು ಬಿಸಿಲಿಗೆ ಬಾಡುತ್ತದೆ. ಅದರ ಬದಲು ತುದಿ ಮಾತ್ರ ಸವರಿ. ಮೊಗ್ಗಿಲ್ಲದ ಪ್ರತಿ ಕಡ್ಡಿಯ ತುದಿಯಿಂದ ನಾಲ್ಕು ಬೆರಳಷ್ಟು, ಎಲೆ ಜೋಡಿಯ ಸ್ವಲ್ಪ ಮೇಲೆ, ಹರಿತವಾದ ಕತ್ತರಿಯಿಂದ ತೆಗೆಯಿರಿ. ಎಲೆಗಳು ಎದುರು ಬದುರಾಗಿ ಇರುವುದರಿಂದ ಒಂದು ಕಡ್ಡಿ ಕತ್ತರಿಸಿದ ಕಡೆ ಸಾಮಾನ್ಯವಾಗಿ ಎರಡು ಚಿಗುರು ಬರುತ್ತವೆ. ಒಂದು ತುದಿ ಇದ್ದಲ್ಲಿ ಎರಡು ತುದಿ. ಒಣಗಿದ್ದು, ಒಂದಕ್ಕೊಂದು ಉಜ್ಜುತ್ತಿರುವುದು, ಬೆಂಕಿಕಡ್ಡಿಗಿಂತ ತೆಳ್ಳಗಿರುವುದು ಪೂರ್ತಿ ಹೋಗಲಿ. ಬಿಸಿಲು ಸಿಕ್ಕರೆ ಐದಾರು ವಾರದಲ್ಲಿ ಮೊಗ್ಗು ಕಾಣಬೇಕು. ಅಂದರೆ ಮೇ ಕೊನೆಯ ಹೊತ್ತಿಗೆ. ಒಂದೊಂದು ಗೊಂಚಲು ಮುಗಿದಾಗಲೂ ಆ ತುದಿಯನ್ನು ಹೀಗೇ ಚಿವುಟಿ, ಮತ್ತೊಂದು ಸುತ್ತು ಬರುತ್ತದೆ.

ಗೊಬ್ಬರವನ್ನು ಒಂದು ತಿಂಗಳು ಪೂರ್ತಿ ನಿಲ್ಲಿಸಿ. ಮೊದಲ ವಾರದಲ್ಲೊಂದು ದಿನ ಕುಂಡದ ತಳದಿಂದ ಧಾರಾಳವಾಗಿ ಹರಿದುಹೋಗುವಷ್ಟು ನೀರು ಹಾಕಿ, ಕೂತಿರುವ ಉಪ್ಪು ತೊಳೆದುಹೋಗಲಿ. ಆಮೇಲೆ ತಿಂಗಳಿಗೊಮ್ಮೆ ಕುಂಡಕ್ಕೆ ಎರಡು ಹಿಡಿ ಎರೆಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ ಸಾಕು. ಕುಂಡ ಬದಲಿಸುವ ಆಸೆ ಬಂದಿದ್ದರೆ ಸ್ವಲ್ಪ ತಡೆಯಿರಿ. ಮೂರು ವರ್ಷಕ್ಕೆ ಬೇರು ಸುತ್ತಿಕೊಂಡಿರುತ್ತದೆ ನಿಜ, ಆದರೆ ಈ ಬಿಸಿಲಿನಲ್ಲಿ ಬೇರು ಕೆದಕಿದರೆ ಗಿಡ ಸೊರಗುತ್ತದೆ. ಡಿಸೆಂಬರ್‌ನಲ್ಲಿ ಸವರುವಾಗ ಅದನ್ನೂ ಮಾಡಿ.

ಮೊಗ್ಗಿನಲ್ಲಿ ಸಣ್ಣ ತೂತು ಇದ್ದು, ನೇರಳೆ ಬಣ್ಣಕ್ಕೆ ತಿರುಗಿದ್ದರೆ ಮೊಗ್ಗು ಕೊರೆಯುವ ಹುಳು ಬಂದಿದೆ ಅಂತ. ಅಂಥ ಮೊಗ್ಗನ್ನು ಕಿತ್ತು ನಾಶ ಮಾಡಿ. ಒಂದು ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ, ಎರಡು ಹನಿ ಸೋಪು ಬೆರೆಸಿ ಸಂಜೆ ಸಿಂಪಡಿಸಿ. ಬೇವಿನದ್ದಲ್ವಾ ಅಂತ ಆ ಬಾಟಲಿಯನ್ನು ಮಕ್ಕಳ ಕೈಗೆ ಸಿಗುವಂತೆ ಇಡಬೇಡಿ. ಚಿಕ್ಕ ಮಕ್ಕಳ ಹೊಟ್ಟೆಗೆ ಹೋದರೆ ಬೇವಿನ ಎಣ್ಣೆ ಪ್ರಾಣಕ್ಕೇ ಅಪಾಯ.

ತಾರಸಿಗೆ ಒಯ್ಯಲು ಆಗಲೇ ಇಲ್ಲ ಅಂದರೆ? ಆಗ ಮಲ್ಲಿಗೆಯ ಹಟ ಬಿಟ್ಟು ಆ ಬಾಲ್ಕನಿಗೆ ಕನಕಾಂಬರ ತನ್ನಿ. ಅದು ಅರ್ಧ ನೆರಳಿನಲ್ಲೂ ಹೂ ಬಿಡುತ್ತದೆ. ಪರಿಮಳವಿಲ್ಲ, ಆದರೆ ಕಿತ್ತ ಹೂ ಎರಡು ದಿನವಾದರೂ ಬಾಡುವುದಿಲ್ಲ. ಮಗಳಿಗೆ ಇದರಲ್ಲೊಂದು ಆಟವೂ ಇದೆ. ಒಣಗಿದ ತೆನೆಯ ಕಾಯಿಯ ಮೇಲೆ ಒಂದು ಹನಿ ನೀರು ಬಿಟ್ಟು ಕಾಯಲು ಹೇಳಿ. ಸ್ವಲ್ಪ ಹೊತ್ತಿಗೆ ಚಟ್ ಅಂತ ಒಡೆದು ಬೀಜ ದೂರಕ್ಕೆ ಹಾರುತ್ತದೆ. ಬಿದ್ದಲ್ಲಿ ಹೊಸ ಸಸಿ.

ಹೂ ಕಟ್ಟುವುದನ್ನು ಕಲಿಸುವುದಕ್ಕೆ ನಿಮ್ಮ ಗಿಡ ಹೂ ಬಿಡುವವರೆಗೆ ಕಾಯಬೇಕಾಗಿಲ್ಲ. ಕನಕಾಂಬರವೋ, ಕೊಂಡು ತಂದ ಬಿಡಿ ಮಲ್ಲಿಗೆಯೋ ಸಾಕು. ಒಂಬತ್ತು ವರ್ಷ ಸರಿಯಾದ ವಯಸ್ಸು. ದಾರದಲ್ಲಿ ಶುರು ಮಾಡಬೇಡಿ, ಬಾಳೆನಾರಿನಲ್ಲಿ ಮಾಡಿ. ಹೊಸ ಕೈ ಬಿಗಿಯಾಗಿ ಎಳೆದುಬಿಡುತ್ತದೆ, ಒಣ ದಾರ ತೊಟ್ಟನ್ನು ಕತ್ತರಿಸುತ್ತದೆ. ಒದ್ದೆ ನಾರು ಮೆತ್ತಗಿರುತ್ತದೆ. ಉಡುಪಿ ಕಡೆ ಶಂಕರಪುರದ ಮಲ್ಲಿಗೆಯನ್ನು ಇವತ್ತಿಗೂ ಬಾಳೆನಾರಿನಲ್ಲೇ ಕಟ್ಟುತ್ತಾರೆ. ಅಲ್ಲಿ 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಟ್ಟೆಯೊಂದಕ್ಕೆ 3,200 ಹೂವನ್ನು ಬೆರಳಲ್ಲೇ ಕಟ್ಟುವ ಹೆಂಗಸರನ್ನು ನೋಡಿದರೆ ಕೈಯೋ ಯಂತ್ರವೋ ಅನ್ನಿಸುತ್ತದೆ.

ನಾರನ್ನು ಕೊಳ್ಳಬೇಕಿಲ್ಲ. ಹಬ್ಬಕ್ಕೋ ಪೂಜೆಗೋ ಬಾಗಿಲಿಗೆ ಕಟ್ಟಿ ಎಸೆಯುವ ಬಾಳೆಕಂದಿನ ಹೊರಪಟ್ಟೆಯನ್ನು ಸುಲಿದು ನೆರಳಲ್ಲಿ ಒಣಗಿಸಿಡಿ. ಬೇಕಾದಾಗ ಅರ್ಧ ಗಂಟೆ ನೆನೆಸಿ, ಉಗುರಿನಿಂದ ಉದ್ದುದ್ದ ಸೀಳಿ. ಕಟ್ಟುವ ಕ್ರಮ ಇಷ್ಟೇ. ನಾರಿನ ಒಂದು ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿಕೊಳ್ಳಲಿ. ಎರಡು ಮೊಗ್ಗು ಎಡಕ್ಕೆ ಮುಖ, ಎರಡು ಬಲಕ್ಕೆ ಮುಖ, ತೊಟ್ಟುಗಳು ನಡುವೆ ಒಂದರ ಮೇಲೊಂದು. ಎಡಗೈಯ ಎರಡು ಬೆರಳಲ್ಲಿ ಅದನ್ನು ಒತ್ತಿ ಹಿಡಿದು, ಬಲಗೈಯಿಂದ ನಾರನ್ನು ತೊಟ್ಟುಗಳ ಸುತ್ತ ಒಂದು ಸುತ್ತು ತಂದು, ಕುಣಿಕೆ ಮಾಡಿ, ಅದರೊಳಗೆ ತೊಟ್ಟು ಸಿಗುವಂತೆ ಎಳೆಯಬೇಕು. ಮೊದಲ ದಿನ ಸಡಿಲಾಗುತ್ತದೆ, ಹೂ ಉದುರುತ್ತದೆ. ನೀವು ಬಿಚ್ಚಿ ಮತ್ತೆ ಕಟ್ಟಿಕೊಡಬೇಡಿ, ಅವಳು ಕಟ್ಟಿದ ಗೇಣುದ್ದವನ್ನೇ ದೇವರ ಪಟಕ್ಕೆ ಹಾಕಿ. ಮೊಗ್ಗನ್ನು ಸಂಜೆ ನಾಲ್ಕರ ಹೊತ್ತಿಗೆ, ಬೆಳ್ಳಗೆ ಉಬ್ಬಿ ಇನ್ನೂ ಬಾಯಿ ಬಿಡದಿದ್ದಾಗ ಕೀಳಬೇಕು. ಕಟ್ಟಿ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟರೆ ರಾತ್ರಿ ಊಟದ ಹೊತ್ತಿಗೆ ಮನೆಯೆಲ್ಲ ಘಮ್ಮೆನ್ನುತ್ತದೆ. ಪೇಟೆಯಲ್ಲಿ ದವನ ಸಿಕ್ಕರೆ ನಡುನಡುವೆ ಒಂದೊಂದು ಎಸಳು ಸೇರಿಸಿ. ಚೈತ್ರದ ಹುಣ್ಣಿಮೆಗೆ ದವನದ ಹುಣ್ಣಿಮೆ ಅಂತಲೇ ಹೆಸರು, ಇದು ಅದರದ್ದೇ ಕಾಲ.

ಕೊನೆಗೆ ಬೇವಿನ ಹೂ. ಬಳಸಬಹುದು, ಖಂಡಿತ ಬಳಸಿ. ಆದರೆ ಮರ ಬೇವೇ ಹೌದಾ ಅಂತ ಮೊದಲು ನೋಡಿಕೊಳ್ಳಿ. ಬೇವಿನಂತೆಯೇ ಕಾಣುವ ಇನ್ನೊಂದು ಜಾತಿಯ ಮರ ನಗರದ ರಸ್ತೆಗಳಲ್ಲಿದೆ. ಅದರ ಹೂವಿಗೆ ತಿಳಿ ನೇರಳೆ ಛಾಯೆ ಇರುತ್ತದೆ, ಎಲೆಯ ಕಡ್ಡಿ ಕವಲೊಡೆದು ಮತ್ತೆ ಕವಲೊಡೆಯುತ್ತದೆ. ಅದರ ಕಾಯಿ ವಿಷ. ನಮ್ಮ ಬೇವಿನ ಹೂ ಬಿಳಿ, ಜೇನಿನಂಥ ನಸು ಸಿಹಿ ವಾಸನೆ, ಒಂದು ಕಡ್ಡಿಗೆ ಎರಡು ಸಾಲು ಗರಗಸದಂಚಿನ ಎಲೆ. ಅನುಮಾನವಿದ್ದರೆ ಆ ಮರ ಬಿಟ್ಟುಬಿಡಿ.

ಬಸ್ಸು, ಲಾರಿ ಓಡಾಡುವ ರಸ್ತೆಯ ಮರವಾದರೆ ಅದೂ ಬೇಡ, ಅಷ್ಟು ಹೊಗೆ, ಧೂಳು ತೊಳೆದರೂ ಹೋಗುವುದಿಲ್ಲ. ಒಳರಸ್ತೆಯದೋ, ದೇವಸ್ಥಾನದ ಅಂಗಳದ್ದೋ ಒಳ್ಳೆಯದು. ಸೊಳ್ಳೆಗೆ ಹೊಗೆ ಬಿಟ್ಟ ವಾರ ಹೂ ತರಬೇಡಿ. ಕೊಂಬೆ ಮುರಿಯುವುದೂ ಬೇಕಾಗಿಲ್ಲ. ರಾತ್ರಿ ಮರದಡಿ ಒಂದು ಹಳೆಯ ಸೀರೆ ಹಾಸಿ ಬೆಳಿಗ್ಗೆ ಮಡಚಿಕೊಂಡು ಬನ್ನಿ, ಹೂ ತಾನಾಗಿಯೇ ಉದುರಿರುತ್ತದೆ. ಕಡ್ಡಿ, ಹುಳ ಆರಿಸಿ, ಬೇಗ ಬೇಗ ತೊಳೆದು, ಬಟ್ಟೆಯ ಮೇಲೆ ನೆರಳಲ್ಲಿ ಎರಡು ಮೂರು ದಿನ ಒಣಗಿಸಿ. ಬೆರಳಲ್ಲಿ ಹಿಚುಕಿದರೆ ಪುಡಿಯಾಗಬೇಕು. ತೇವ ಉಳಿದರೆ ಬೂಸ್ಟು ಹಿಡಿಯುತ್ತದೆ. ಗಾಜಿನ ಸೀಸೆಯಲ್ಲಿ ಮುಂದಿನ ಯುಗಾದಿವರೆಗೂ ಇರುತ್ತದೆ. ಯುಗಾದಿ ಮಾರ್ಚ್‌ನಲ್ಲೇ ಬಂದ ವರ್ಷ ಎಷ್ಟೋ ಮರಗಳಲ್ಲಿ ಇನ್ನೂ ಹೂವಿರುವುದಿಲ್ಲ, ಬರೀ ಚಿಗುರು. ಆಗ ಬೇವು ಬೆಲ್ಲಕ್ಕೆ ಈ ಸೀಸೆಯೇ ಗತಿ.

ಗೊಜ್ಜಿಗೆ ಎರಡು ಚಮಚ ಒಣ ಹೂ ಸಾಕು. ತುಪ್ಪದಲ್ಲಿ ಸಣ್ಣ ಉರಿಯಲ್ಲಿ ಕಂದು ಬಣ್ಣ ಬರುವವರೆಗೆ ಹುರಿದು ತೆಗೆದಿಡಿ, ಕಪ್ಪಾದರೆ ಕಹಿ ಗಂಟಲು ಹಿಡಿಯುತ್ತದೆ. ಅದೇ ಬಾಣಲೆಗೆ ಸಾಸಿವೆ, ಇಂಗು, ಒಣಮೆಣಸಿನಕಾಯಿ ಒಗ್ಗರಣೆ. ನಿಂಬೆ ಗಾತ್ರದ ಹುಣಸೆಹಣ್ಣಿನ ರಸ, ಅಷ್ಟೇ ಬೆಲ್ಲ, ಉಪ್ಪು, ಒಂದು ಚಮಚ ಸಾರಿನ ಪುಡಿ ಹಾಕಿ ಗಟ್ಟಿಯಾಗುವವರೆಗೆ ಕುದಿಸಿ. ಹೂವನ್ನು ಒಲೆ ಆರಿಸಿದ ಮೇಲೆ ಬೆರೆಸಿ. ಬಿಸಿ ಅನ್ನ, ತುಪ್ಪದ ಜೊತೆ ಒಂದು ತುತ್ತಿನಲ್ಲಿ ಹುಳಿ, ಸಿಹಿ, ಖಾರ ಎಲ್ಲ ಮುಗಿದ ಮೇಲೆ ಕಹಿ ನಿಧಾನಕ್ಕೆ ಬರುತ್ತದೆ. ಮಗಳಿಗೆ ಮೊದಲ ಸಲ ಕಾಲು ಚಮಚ ಸಾಕು. ಮನೆಯಲ್ಲಿ ಬಸುರಿಯರಿದ್ದರೆ, ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವವರಿದ್ದರೆ ಹಬ್ಬದ ಚಿಟಿಕೆಗಿಂತ ಜಾಸ್ತಿ ತಿನ್ನುವ ಮೊದಲು ಡಾಕ್ಟರನ್ನು ಕೇಳಲಿ. ಮತ್ತೆ, ಕುಂಡದಲ್ಲಿ ಕಣಗಿಲೆ ಇದ್ದರೆ ಅದರ ಹೂ, ಎಲೆ ಅಡುಗೆಮನೆಯ ಹತ್ತಿರಕ್ಕೂ ಬರಬಾರದು. ಅದರ ಎಲ್ಲ ಭಾಗವೂ ವಿಷ.

ಜಾಜಿ ಕುಂಡವನ್ನು ಈಗ ಕತ್ತರಿಸಬೇಡಿ. ಬಾಲ್ಕನಿಯ ಹೊರ ಅಂಚಿಗೆ, ಗ್ರಿಲ್‌ಗೆ ತಾಗುವಂತೆ ಸರಿಸಿಡಿ, ನೀರು ತಪ್ಪಿಸಬೇಡಿ. ಮಲ್ಲಿಗೆಯ ಕೊನೆಯ ಸುತ್ತು ಮುಗಿಯುವ ಹೊತ್ತಿಗೆ ಅದರಲ್ಲಿ ಮೊಗ್ಗು ಬಂದಿರುತ್ತದೆ.